ಗೇಟ್ ಮುಚ್ಚಿದ ದಿನದ ಬಾಡಿಗೆ

ಇವತ್ತು ಒಂದು ಜಗಳದಿಂದ ಶುರು ಮಾಡ್ತೀನಿ.

ಹೋದ ಮಳೆಗಾಲದಲ್ಲಿ ಆಫೀಸಿನ ನಾಲ್ಕು ಜನ ಫ್ರೆಂಡ್ಸನ್ನ ನಮ್ಮೂರ ಕಡೆ ಕರ್ಕೊಂಡು ಹೋಗಿದ್ದೆ. ಮಲೆನಾಡಿನ ಒಂದು ವ್ಯೂ ಪಾಯಿಂಟ್. ಹೆಸರು ಹೇಳಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ನಾನು ಕಾರಿಗೆ ಜಾಗ ಹುಡುಕ್ತಾ ಇದ್ದೆ, ಇವರು ಮಳೆಯಲ್ಲಿ ಓಡಿ ಒಂದು ತಾಡಪಾಲಿನ ಕೆಳಗೆ ನಿಂತಿದ್ರು. ನಾನು ಹೋಗೋಷ್ಟರಲ್ಲಿ ಗಲಾಟೆ ಜೋರಾಗಿತ್ತು. 20 ರೂಪಾಯಿ ನೀರಿನ ಬಾಟಲಿಗೆ 25 ಕೇಳಿದ್ದಾರೆ, ಒಬ್ಬ ಫೋನ್ ತೆಗೆದು ವಿಡಿಯೊ ಮಾಡ್ತಾ ಇದ್ದಾನೆ. "ಎಂಆರ್‌ಪಿ ಓದೋಕೆ ಬರಲ್ವಾ ಆಂಟಿ?" ಅಂತ.

ಆ ಆಂಟಿ ನನ್ನ ಸೋದರತ್ತೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ತಪ್ಪು ಅತ್ತೆಯದೇ. ಪ್ಯಾಕ್ ಆದ ವಸ್ತುವನ್ನ ಎಂಆರ್‌ಪಿಗಿಂತ ಹೆಚ್ಚಿಗೆ ಮಾರೋ ಹಾಗಿಲ್ಲ, ಬೆಟ್ಟದ ಮೇಲಾದ್ರೂ ಅಷ್ಟೇ. ಅತ್ತೆ ವಾದ ಮಾಡ್ಲಿಲ್ಲ. ಐದು ರೂಪಾಯಿ ವಾಪಸ್ ಕೊಟ್ರು. ಮುಂದಿನ ವಾರದಿಂದ ಬಾಟಲಿ ತರೋದನ್ನೇ ಬಿಟ್ರು. "ಅದ್ರಲ್ಲಿ ಉಳಿಯೋದು ಅಷ್ಟರಲ್ಲೇ ಇದೆ ಮಾರಾಯ್ತಿ, ಬೈಗುಳ ಬೇರೆ" ಅಂದ್ರು.

ಅವತ್ತು ಸಂಜೆ ನಾನು ಅಂಗಡಿ ಕಟ್ಟೋ ತನಕ ಅಲ್ಲೇ ಕೂತೆ. ಚಿಕ್ಕಂದಿನಿಂದ ನೋಡಿದ ಅಂಗಡಿ. ಆದ್ರೂ ಅದು ಹೇಗೆ ನಡೆಯುತ್ತೆ ಅಂತ ಯಾವತ್ತೂ ಯೋಚನೆ ಮಾಡಿರ್ಲಿಲ್ಲ.

ನಾವು ಅಲ್ಲಿಗೆ ಹೋಗೋದು ನೋಟ ನೋಡೋಕೆ. ಅತ್ತೆಗೆ ವ್ಯಾಪಾರ ಆಗೋದು ನೋಟ ಕಾಣದೇ ಇದ್ದಾಗ! ನಿಜ. ಆಕಾಶ ತಿಳಿಯಾಗಿದ್ರೆ ಜನ ಬರ್ತಾರೆ, ಫೋಟೊ ತೆಗೀತಾರೆ, ಹತ್ತು ನಿಮಿಷಕ್ಕೆ ಕಾರು ಹತ್ತುತ್ತಾರೆ. ಮಂಜು ಕವಿದ್ರೆ ಕಾಯ್ತಾರೆ. ಕಾಯೋರಿಗೆ ಚಳಿ ಆಗುತ್ತೆ, ಹಸಿವಾಗುತ್ತೆ. ಆಗ ಚಹಾ, ಮಿರ್ಚಿ, ಚುರುಮುರಿ, ಕೆಂಡದಲ್ಲಿ ಸುಟ್ಟು ಉಪ್ಪು ಖಾರ ನಿಂಬೆಹಣ್ಣು ತಿಕ್ಕಿದ ಜೋಳ. ಜೋಗದಲ್ಲೂ ನೀವು ನೋಡಿರ್ತೀರಿ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಾಯ, ಕಂಬಿ ಹಿಡ್ಕೊಂಡು ಕೈಯಲ್ಲಿ ಕಪ್ ಇಟ್ಕೊಂಡು ಬರೀ ಬಿಳಿ ನೋಡ್ತಾ ನಿಂತಿರೋ ಜನ. ಹಾಗಂತ ಮಂಜು ಜಾಸ್ತಿ ಆದ್ರೂ ಕಷ್ಟ, ಜನ ಗಾಡಿ ತಿರುಗಿಸ್ತಾರೆ. ಅತ್ತೆಗೆ ಬೇಕಾಗಿರೋದು ಅರ್ಧ ಗಂಟೆಯ ಮಂಜು, ಆಮೇಲೆ ಹತ್ತು ನಿಮಿಷ ಬಿಸಿಲು. ಇದನ್ನ ಯಾವ ದೇವರ ಹತ್ರ ಹೇಗೆ ಕೇಳೋದು ಅಂತ ಅವರೇ ನಗ್ತಾರೆ.

ದುಡಿಮೆ ಅಂದ್ರೆ ಜುಲೈಯಿಂದ ಸೆಪ್ಟೆಂಬರ್, ಆಮೇಲೆ ದಸರಾ ರಜೆ, ಡಿಸೆಂಬರ್ ಕೊನೆಯ ವಾರ. ಅದರಲ್ಲೂ ಶನಿವಾರ, ಭಾನುವಾರ. ಮಂಗಳವಾರ ಎಂಟು ಚಹಾ ಹೋದ್ರೆ ಒಳ್ಳೆಯ ದಿನ. ಉಳಿದ ಜೋಳ ದನಕ್ಕೆ. ಹಾಗಾಗಿ ಸೀಸನ್ನಿನ ಒಂದು ವಾರಾಂತ್ಯ ತಪ್ಪಿತು ಅಂದ್ರೆ ಎರಡು ದಿನ ಹೋಯ್ತು ಅಂತಲ್ಲ, ತಿಂಗಳೇ ಹೋದ ಹಾಗೆ.

ಈ ವಾರಾಂತ್ಯ ತಪ್ಪೋದು ಅವರ ಕೈಯಲ್ಲಿ ಇರಲ್ಲ. ಜೋಗದಲ್ಲಿ ಅಭಿವೃದ್ಧಿ ಕಾಮಗಾರಿಗೆ ಅಂತ 2025ರ ಜನವರಿ 1ರಿಂದ ಪ್ರವಾಸಿಗರ ಪ್ರವೇಶ ನಿಲ್ಲಿಸಿದ್ರಲ್ಲ, ನೆನಪಿದೆಯಾ? ನಂದಿ ಬೆಟ್ಟದಲ್ಲಿ 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಹೋಯ್ತು, ಮತ್ತೆ ಜನ ಹತ್ತಿದ್ದು ಡಿಸೆಂಬರ್ 1ಕ್ಕೆ. ಕೊರೋನಾ ಕಾಲ ಹೇಳೋದೇ ಬೇಡ. ಪ್ರತಿ ಸಲಕ್ಕೂ ಕಾರಣ ಇದೆ, ಬಹುಮಟ್ಟಿಗೆ ಸರಿಯಾದ ಕಾರಣವೇ. ಮಣ್ಣು ಜಾರೋ ರಸ್ತೆಯಲ್ಲಿ ಜನರನ್ನ ಬಿಡಿ ಅಂತ ಯಾರೂ ಹೇಳಲ್ಲ. ಆದ್ರೆ ಜೋಗ ಬಂದ್ ಅಂದ್ರೆ ನಾನು, ನೀವು ಮ್ಯಾಪ್ ತೆಗೆದು ಇನ್ನೊಂದು ಫಾಲ್ಸ್ ಹುಡುಕ್ತೀವಿ. ಅಂಗಡಿಯವರು ಎಲ್ಲಿಗೆ ಹೋಗ್ತಾರೆ?

ಈಗ ಅತ್ತೆಯ ವಿಷಯಕ್ಕೆ ಬರ್ತೀನಿ. ಇಷ್ಟು ವರ್ಷ ಅವರದ್ದು ರಸ್ತೆ ಬದಿ. ಈ ವರ್ಷ ಅಲ್ಲೊಂದು ಗೇಟ್ ಬಂತು, ಗೇಟಿನ ಒಳಗೆ ಒಂದು ಸಾಲು ಮಳಿಗೆ ಬಂತು. ಸ್ಥಳೀಯರಿಗೆ ಅಂತಲೇ ಹರಾಜು ಕರೆದ್ರು. ಒಳ್ಳೆಯ ಕೆಲಸ, ತಗಡಿನ ಮಾಡು ಇದೆ, ನಲ್ಲಿ ಇದೆ, ಕರೆಂಟ್ ಇದೆ. ಅತ್ತೆಗೂ ಒಂದು ಮಳಿಗೆ ಆಯ್ತು. ಠೇವಣಿಗೆ ಸಂಘದಲ್ಲಿ ಸಾಲ ತೆಗೆದ್ರು. ಸಹಿ ಹಾಕೋ ಮುಂಚೆ ಕರಾರು ಪತ್ರದ ಎಂಟು ಪುಟದ ಫೋಟೊ ನನಗೆ ವಾಟ್ಸ್ಆ್ಯಪ್ ಮಾಡಿದ್ರು, "ಎಂತ ಬರ್ದಿದ್ದಾರೆ ಓದಿ ಹೇಳು" ಅಂತ.

ಓದಿದೆ. 11 ತಿಂಗಳ ಅವಧಿ. ಬೇರೆಯವರಿಗೆ ಒಳಬಾಡಿಗೆ ಕೊಡೋ ಹಾಗಿಲ್ಲ. ಪ್ಲಾಸ್ಟಿಕ್ ಬೇಡ. ಎಲ್ಲ ಸರಿ. ಆರನೇ ಪುಟದಲ್ಲಿ ಒಂದು ಸಾಲು. ಯಾವುದೇ ಕಾರಣಕ್ಕೆ ಸ್ಥಳಕ್ಕೆ ಪ್ರವೇಶ ನಿರ್ಬಂಧಿಸಿದರೂ ಬಾಡಿಗೆಯಲ್ಲಿ ವಿನಾಯಿತಿ ಇರುವುದಿಲ್ಲ.

ಅಂದ್ರೆ ಗೇಟ್ ಮುಚ್ಚಿದ್ರೂ ಬಾಡಿಗೆ ಓಡ್ತಾ ಇರುತ್ತೆ. ಮೊದಲು ರಸ್ತೆ ಬದಿಯಲ್ಲಿದ್ದಾಗ ಬಂದ್ ಆದ್ರೆ ಆ ದಿನದ ದುಡಿಮೆ ಮಾತ್ರ ಹೋಗ್ತಿತ್ತು. ಈಗ ದುಡಿಮೆ ಇಲ್ಲದ ದಿನಕ್ಕೆ ಕೈಯಿಂದ ಕಟ್ಟಬೇಕು.

ಹಾಗಾದ್ರೆ ರಸ್ತೆ ಬದಿಯಲ್ಲೇ ಇರ್ಲಿ, ಬೀದಿ ವ್ಯಾಪಾರಿಗಳಿಗೆ ಕಾನೂನು ಇದೆಯಲ್ಲ ಅಂತ ನಾನೂ ಅಂದ್ಕೊಂಡೆ. ಇದೆ. 2014ರ ಕಾಯ್ದೆ, ತುಂಬ ಒಳ್ಳೆಯ ಕಾಯ್ದೆ. ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡೋ ತನಕ ಎಬ್ಬಿಸೋ ಹಾಗಿಲ್ಲ. ಸ್ಥಳಾಂತರ ಮಾಡೋದಾದ್ರೆ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಮೊದಲಿಂದಲೂ ಕೊಳ್ಳೋರು, ಮಾರೋರು ಸೇರ್ತಾ ಬಂದಿರೋ ಜಾಗವನ್ನ ಸಹಜ ಮಾರುಕಟ್ಟೆ ಅಂತ ಗುರುತಿಸಿದ್ರೆ, ಅಲ್ಲಿ ವ್ಯಾಪಾರ ನಿಷೇಧಿಸೋ ಹಾಗಿಲ್ಲ.

ಓದ್ತಾ ಓದ್ತಾ ಖುಷಿಯಾಗಿಬಿಟ್ಟಿತ್ತು ನನಗೆ. ಆಮೇಲೆ ವಾಪಸ್ ವ್ಯಾಖ್ಯಾನದ ಪುಟಕ್ಕೆ ಹೋದೆ. ಈ ಕಾಯ್ದೆಯಲ್ಲಿ ಸ್ಥಳೀಯ ಪ್ರಾಧಿಕಾರ ಅಂದ್ರೆ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಇಂಥವು. ಗ್ರಾಮ ಪಂಚಾಯಿತಿ ಆ ಪಟ್ಟಿಯಲ್ಲಿ ಇಲ್ಲ. ಜೋಗಕ್ಕೆ ಜೋಗ-ಕಾರ್ಗಲ್ ಪಟ್ಟಣ ಪಂಚಾಯಿತಿ ಇದೆ, ಅಲ್ಲಿನ ಲೆಕ್ಕ ಬೇರೆ. ಅತ್ತೆಯ ಊರಿಗೆ ಇರೋದು ಗ್ರಾಮ ಪಂಚಾಯಿತಿ. ಸ್ವಲ್ಪ ಯೋಚನೆ ಮಾಡಿ, ನೀವು ವೀಕೆಂಡಿಗೆ ಹೋಗೋ ಎಷ್ಟು ಗುಡ್ಡ, ಎಷ್ಟು ಫಾಲ್ಸ್ ಪಟ್ಟಣದ ಒಳಗಿವೆ? ಅಲ್ಲಿ ಜೋಳ ಸುಡೋರ ಹತ್ರ ಈ ಕಾಯ್ದೆಯ ಕಾರ್ಡ್ ಇರಲ್ಲ. ಇಷ್ಟು ವರ್ಷ ಅಂಗಡಿ ಇಟ್ಟಿದ್ರೂ, "ನಾನು ಇಲ್ಲಿ ಇದ್ದೀನಿ" ಅಂತ ಅತ್ತೆಯ ಹೆಸರು ಬರೆದಿರೋ ಮೊದಲ ಕಾಗದ ಅಂದ್ರೆ ಆ ಎಂಟು ಪುಟದ ಕರಾರೇ.

ಅದಕ್ಕೇ ಸಹಿ ಹಾಕಬೇಡಿ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. "ಪೂರ್ತಿ ಬಂದ್ ಆದ ದಿನಕ್ಕೆ ಬಾಡಿಗೆ ಇಲ್ಲ ಅಂತ ಒಂದು ಸಾಲು ಸೇರಿಸಿ ಅಂತ ಕೇಳಿ ಅತ್ತೆ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. "ಕೇಳಿದ್ದಕ್ಕೇ ಮಳಿಗೆ ಬೇರೆಯವರಿಗೆ ಕೊಟ್ರೆ ಎಂತ ಮಾಡ್ತಿ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಬೆಂಗಳೂರಲ್ಲಿ ಕೂತು ಕಾಯ್ದೆ ಓದೋದು ಸುಲಭ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದ್ರು. ಮಳಿಗೆ ಆಗಿರೋ ಏಳು ಜನರಲ್ಲಿ ಇಬ್ಬರು ಆಗಲೇ ಸಹಿ ಹಾಕಿಬಿಟ್ಟಿದ್ದಾರಂತೆ. ಉಳಿದ ಐದು ಜನ ಸೇರಿ ಒಂದೇ ಅರ್ಜಿ ಕೊಡೋದು ಅಂತ ತೀರ್ಮಾನ. ಅರ್ಜಿ ನಾನು ಟೈಪ್ ಮಾಡಿ ಕಳಿಸಿದೆ, ಸಾಗರದಲ್ಲಿ ಪ್ರಿಂಟ್ ತೆಗೆಸಿದ್ರು. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ ಅಂತ ಮೂರು ಸಲ ಹೇಳಿದ್ದೆ, ಹಾಕಿಸ್ಕೊಂಡು ಬಂದಿದ್ದಾರೆ. ಮೀಟಿಂಗ್ ಇದೆ, ನೋಡೋಣ ಅಂದ್ರಂತೆ. ಸಹಿಗೆ ಕೊನೆಯ ದಿನ ಬರೋ ಶುಕ್ರವಾರ. ಜಾಗದ ಹೆಸರು ಹೇಳಬೇಡ ಅಂತ ಅತ್ತೆ ಹೇಳಿದ್ದು ಅದಕ್ಕೇ.

ವಿಡಿಯೊ ಮಾಡಿದ್ದ ಫ್ರೆಂಡ್ ಅವತ್ತೇ ಅದನ್ನ ಡಿಲೀಟ್ ಮಾಡಿದ್ದ. ಈಗ ದಿನಾ ಊಟದ ಹೊತ್ತಿಗೆ ಬಂದು "ಆಂಟಿ ಸಹಿ ಹಾಕಿದ್ರಾ?" ಅಂತ ಕೇಳ್ತಾನೆ.

ನಿಮ್ಮ ಮನೆಯವರೂ ಇಂಥ ಜಾಗದಲ್ಲಿ ಮಳಿಗೆ ಹಿಡಿದಿದ್ರೆ, ಆ ಕರಾರಿನಲ್ಲಿ ಬಂದ್ ಆದ ದಿನದ ಬಗ್ಗೆ ಏನು ಬರೆದಿದೆ ಅಂತ ಒಮ್ಮೆ ನೋಡಿ. ಹೆಸರು, ಊರು ಮುಚ್ಚಿ ಆ ಪುಟದ ಫೋಟೊ ಕಳಿಸಿ, ವಿನಾಯಿತಿ ಬರೆದಿರೋದು ಒಂದು ಸಿಕ್ಕಿದ್ರೂ ಅತ್ತೆಗೆ ಫಾರ್ವರ್ಡ್ ಮಾಡ್ತೀನಿ. ಗುರುವಾರದ ಒಳಗೆ ಕಳಿಸಿ. ಅವತ್ತು ರಾತ್ರಿ ಬಸ್ಸಿಗೆ ನಾನೂ ಊರಿಗೆ ಹೊರಟಿದ್ದೀನಿ.