ಶರಣಾಗತರೂ ದಾಸೋಹವೂ



ದಾಸೋಹವೆಂದರೆ ಪಂಕ್ತಿಯಲ್ಲಿ ಕೂರಿಸಿ ಅನ್ನ ಬಡಿಸುವುದಷ್ಟೇ ಎಂದು ಹಲವರು ತಿಳಿದಿರುತ್ತಾರೆ. 'ದಾಸಃ ಅಹಮ್', ನಾನು ದಾಸನೆಂಬ ಭಾವವೇ ಆ ಪದದ ಮೂಲ. ಮಾಗಡಿ ಸೀಮೆಯ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳವರು ಅನ್ನದೊಡನೆ ಅಕ್ಷರವನ್ನೂ ಆಶ್ರಯವನ್ನೂ ಕೂಡಿಸಿ ತ್ರಿವಿಧ ದಾಸೋಹವನ್ನು ನಡೆಸಿದರು. ಉಂಡವನು ನಾಳೆ ತನ್ನ ಕಾಯಕದಿಂದ ಬದುಕುವಂತಾದಾಗಲೇ ದಾಸೋಹ ಪೂರ್ಣವಾಗುವುದು.

ನಮ್ಮ ಶರಣರೂ ಒಮ್ಮೆ ನೆಲೆ ತಪ್ಪಿದವರೇ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ರಕ್ತ ಹರಿದಾಗ ವಚನದ ಕಟ್ಟುಗಳನ್ನು ಹೊತ್ತು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರು ಉಳವಿಯ ಕಾಡನ್ನು ಸೇರಿದರು. ದಾರಿಯ ಊರಿನವರೆಲ್ಲ ಬಾಗಿಲು ಹಾಕಿಕೊಂಡಿದ್ದರೆ ನಮ್ಮ ಗತಿ ಏನಾಗುತ್ತಿತ್ತು?

ಈ ಕಾಲದ ದೃಷ್ಟಾಂತವೊಂದನ್ನು ಹೇಳುತ್ತೇವೆ. 1959ರಲ್ಲಿ ಚೀನೀ ಸೈನ್ಯವು ಲ್ಹಾಸಾದ ಬಂಡಾಯವನ್ನು ಅಡಗಿಸಿದಾಗ ದಲೈ ಲಾಮಾ ಅವರ ಹಿಂದೆ ಸಾವಿರಾರು ಟಿಬೆಟಿನವರು ಹಿಮಾಲಯ ದಾಟಿ ಬಂದರು. ಆಗಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ನೆಲವನ್ನು ಒದಗಿಸಿತು. ಮುಂದೆ ಮುಂಡಗೋಡು, ಹುಣಸೂರು ಕಡೆಗಳಲ್ಲಿಯೂ, ಕನಕಪುರದಿಂದ ಕಾವೇರಿಯ ಆಚೆಗಿರುವ ಒಡೆಯರಪಾಳ್ಯದಲ್ಲಿಯೂ ನೆಲೆ ದೊರೆಯಿತು. ಹಿಮದ ನಾಡಿನವರು ನಮ್ಮ ಬಿಸಿಲಿನಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಚಳಿಗಾಲದಲ್ಲಿ ಪಟ್ಟಣಗಳಿಗೆ ಬಂದು ಸ್ವೆಟರು ಮಾರಿದರು. ತಮ್ಮ ಗುಡಿ, ಭಾಷೆಗಳನ್ನು ಉಳಿಸಿಕೊಂಡೇ ಸುತ್ತಲಿನವರೊಡನೆ ಬಾಳಿದರು. ಸರ್ಕಾರದ ಈ ಕೆಲಸಕ್ಕೆ ಹೆಗಲು ಕೊಡಲೆಂದೇ 1968ರಲ್ಲಿ ಮೈರಾಡ ಎಂಬ ಸೇವಾಸಂಸ್ಥೆ ಹುಟ್ಟಿತು.

'ಬುದ್ಧೀ, ನಮ್ಮ ಬಡವರಿಗೇ ನೆಲವಿಲ್ಲ. ಹೊರಗಿನಿಂದ ಬಂದವರಿಗೆ ಕೊಡುವುದು ಯಾವ ನ್ಯಾಯ?' ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ಕೇಳುವುದು ತಪ್ಪಲ್ಲ, ಹಸಿವು ಇಬ್ಬರದೂ ನಿಜ. ಆದರೆ ಮುಂದೆ ಏನಾಯಿತೆಂಬುದನ್ನು ನೋಡಿರಿ. ನಿರಾಶ್ರಿತರಿಗಾಗಿ ಹುಟ್ಟಿದ ಅದೇ ಸಂಸ್ಥೆ ಅನಂತರ ನಮ್ಮ ಹಳ್ಳಿಗಳ ಬಡವರ ಕಡೆಗೆ ತಿರುಗಿತು. 1980ರ ದಶಕದಲ್ಲಿ ಸ್ವಸಹಾಯ ಸಂಘಗಳಿಗೆ ದಾರಿ ತೋರಿದವರಲ್ಲಿ ಅದೂ ಒಂದು. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸಲು ಮೊದಲಿಟ್ಟಿತು. ಇಂದು ನಮ್ಮ ತಾಯಂದಿರು ಸಂಘದಲ್ಲಿ ಉಳಿತಾಯದ ಹಣ ಕಟ್ಟಿ, ಸಾಲ ಪಡೆದು, ಹಸು ಕೊಳ್ಳುತ್ತಾರೆ. ಪರರಿಗೆಂದು ನೆಟ್ಟ ಮರದ ನೆರಳು ನಮ್ಮ ಮನೆಯಂಗಳಕ್ಕೂ ಬಂದಿತು.

ರಾಮನಗರಕ್ಕೆ ಅನ್ನವಾದ ರೇಷ್ಮೆಯೂ ಹೊರಗಿನಿಂದಲೇ ಬಂದದ್ದು. ಚನ್ನಪಟ್ಟಣದ ಬೊಂಬೆಯ ಕೆಲಸವನ್ನು ಪರ್ಷಿಯಾದ ಕುಶಲಿಗಳು ಕಲಿಸಿದರೆಂದು ಹೇಳಿಕೆಯಿದೆ. ಆದಕಾರಣ ನೆಲೆ ತಪ್ಪಿದ ಸಂಸಾರವೊಂದು ನಿಮ್ಮೂರಿಗೆ ಬಂದರೆ ಜಾತಿ ಕುಲ ಕೇಳಬೇಡಿರಿ. ಮೊದಲು ಉಣಬಡಿಸಿರಿ, ಆಮೇಲೆ ಕೆಲಸ ತೋರಿಸಿರಿ. ಮಗುವನ್ನು ಶಾಲೆಗೆ ಸೇರಿಸಿ ಕನ್ನಡ ಕಲಿಸಿರಿ. ಅವರ ದೇವರನ್ನು ಅವರಿಗೇ ಬಿಡಿರಿ. ಅಂಥ ಮನಸ್ಸನ್ನು ಗುರುಬಸವಣ್ಣನವರು ನಿಮಗೆಲ್ಲರಿಗೂ ಕರುಣಿಸಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.