ಸೊಲ್ಲಿನ ವಿದ್ಯೆ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ನೀಲಗಾರರ ಮೇಳಕ್ಕೆ ಸೇರುವ ಹುಡುಗ ಮೊದಲು ಕಲಿಯುವುದು ಸೊಲ್ಲು ಹಿಡಿಯುವುದನ್ನು, ಅಂದರೆ ಮುಖ್ಯ ಕಥೆಗಾರನ ಪದಕ್ಕೆ ಹಿಮ್ಮೇಳದಲ್ಲಿ ದನಿಗೂಡಿಸುವುದನ್ನು. ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿಯ ಕಥೆಯನ್ನು, ರಾಚಪ್ಪಾಜಿ ಸಿದ್ದಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡುವ ಮೇಳವಿದು. ಮುಖ್ಯ ಕಥೆಗಾರನ ಕೈಯಲ್ಲಿ ತಂಬೂರಿ, ಗಗ್ಗರ. ಹಿಮ್ಮೇಳದಲ್ಲಿ ಡಕ್ಕೆ, ತಾಳ. ಎದುರಿಗೆ ಸ್ವರಲಿಪಿಯ ಹಾಳೆ ಇರುವುದಿಲ್ಲ, ಕೋಲು ಆಡಿಸುವ ನಿರ್ದೇಶಕನೂ ಇರುವುದಿಲ್ಲ. ಪದ ಎಲ್ಲಿ ಮಾತಾಗುತ್ತದೆ, ಮಾತು ಎಲ್ಲಿ ಮತ್ತೆ ಪದಕ್ಕೆ ಹೊರಳುತ್ತದೆ, ತಾಳ ಯಾವಾಗ ಬಿಗಿಯಾಗಬೇಕು ಎಂಬುದೆಲ್ಲ ಕಿವಿಗೇ ಬಿಟ್ಟದ್ದು. ವರ್ಷಗಟ್ಟಲೆ ಸೊಲ್ಲು ಹಾಡಿದವನಿಗೆ ಕಥೆ ತಾನಾಗಿ ಬಾಯಿಗೆ ಬರುತ್ತದೆ. ತಂಬೂರಿ ಅವನ ಕೈಗೆ ಬರುವುದು ಆಮೇಲೆ.

ಮಲೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರದು ಇನ್ನೊಂದು ಬಗೆ. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ಕಂಚಿನ ತಟ್ಟೆ. ಎರಡೂ ಸೇರಿ ಕಂಸಾಳೆ. ಬೀಸು ಕಂಸಾಳೆಯಲ್ಲಿ ಒಬ್ಬನ ಪೆಟ್ಟು ಪಕ್ಕದವನ ಬಟ್ಟಲಿಗೂ ಬೀಳುತ್ತದೆ. ಒಬ್ಬ ಲಯ ತಪ್ಪಿದರೆ ಕಷ್ಟ ಇಬ್ಬರಿಗೂ.

ಪಶ್ಚಿಮದ ವಿಶ್ವವಿದ್ಯಾಲಯಗಳಲ್ಲಿ ಇಂಥ ಒಟ್ಟುಗೂಡಿದ ಕಲಿಕೆಗೆ ಸಿಂಫನಿ ವಾದ್ಯವೃಂದಗಳಿವೆ. ಅಮೆರಿಕದ ಹಾರ್ವರ್ಡ್‌ನ ವಿದ್ಯಾರ್ಥಿ ವಾದ್ಯವೃಂದದ ಮೂಲ 1808ರಲ್ಲಿ ಹುಟ್ಟಿದ ಒಂದು ಸಂಗೀತ ಸಂಘ. ಅರಿಕುಠಾರವೆಂಬ ಊರು ಚಾಮರಾಜನಗರವಾದದ್ದು ಅದಕ್ಕೆ ಹತ್ತು ವರ್ಷದ ನಂತರ, 1818ರಲ್ಲಿ. ಆ ಹೆಸರು ಬಂದ ಒಡೆಯರ ಮನೆತನಕ್ಕೆ ಸಿಂಫನಿ ಅಪರಿಚಿತವೇನಲ್ಲ. ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು.

ಹಾರ್ವರ್ಡ್‌ನಲ್ಲಿ ನುಡಿಸುವವರು ಓದು ಮುಗಿದೊಡನೆ ಹೊರಡುತ್ತಾರೆ, ಆದರೂ ವೃಂದ ನಿಂತಿಲ್ಲ. ವರ್ಷವರ್ಷವೂ ಹೊಸ ವಿದ್ಯಾರ್ಥಿಗಳು ಬರುವುದರಿಂದಲೇ ಅದು ಉಳಿದಿದೆ. ಮೇಳದವನು ಬದುಕಿರುವ ತನಕ ಹಾಡುತ್ತಾನೆ. ಆದರೆ ಅವನ ಬೆನ್ನಿಗೆ ಸೊಲ್ಲು ಹಾಡಲು ಹೊಸಬ ಬಂದೇ ಬರುತ್ತಾನೆಂಬ ಭರವಸೆಯಿಲ್ಲ. ಹಿಂದೆ ಮನೆಗೊಬ್ಬ ಮಗನನ್ನು ಗುರುವಿಗೆ ಒಪ್ಪಿಸುವ ಹರಕೆ ಆ ಕೊರತೆಯನ್ನು ತುಂಬುತ್ತಿತ್ತು.

ಕಾಲೇಜುಗಳ ಯುವಜನೋತ್ಸವದಲ್ಲಿ ಬೀಸು ಕಂಸಾಳೆಗೆ ಇಂದು ಒಳ್ಳೆಯ ಬೇಡಿಕೆಯಿದೆ. ನಿಮಿಷಗಳ ಲೆಕ್ಕದ ಆ ಪ್ರದರ್ಶನದಲ್ಲಿ ಹುಡುಗರಿಗೆ ಹೆಜ್ಜೆ, ಮಂಡಿಬಾಗು, ಪಟ್ಟು ಬರುತ್ತವೆ, ಕಥೆ ಬರುವುದಿಲ್ಲ. ಅದು ಬೇಕೆಂದರೆ ರಾತ್ರಿ ನಿದ್ದೆಗೆಟ್ಟು ಕೇಳಬೇಕು. ಪುಷ್ಯ ಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ಸೇರುತ್ತದೆ, ನೀಲಗಾರರು ಅಲ್ಲಿರುತ್ತಾರೆ. ಜಿಲ್ಲೆಯ ಕಾಲೇಜುಗಳು ಒಂದು ರಾತ್ರಿಯ ಮಟ್ಟಿಗಾದರೂ ತಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಲಿ.