ಹೆರಿಗೆ ಕೋಣೆ ಬಾಗಿಲಲ್ಲಿ ಕೇಳಿದ ರಿಪೋರ್ಟು



ಪುಣೆಯಲ್ಲಿ ಕೂತು ಹೆರಿಗೆ ಕೋಣೆಯಲ್ಲಿ ಹೆಂಗಸರು ಕಾಣುವ ದುರ್ವರ್ತನೆಯ ವಿಷಯ ಎತ್ತಿಕೊಂಡ ಮೇಲೆ ಮಿನಲ್ ದಖಾವೆ ಭೋಸಲೆ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ದೇಶದ ಮೊದಲ ಸ್ವದೇಶಿ ಕೊರೋನಾ ಪರೀಕ್ಷಾ ಕಿಟ್ ತಯಾರಿಸಿದ ಮೈಲ್ಯಾಬ್ ತಂಡದ ಮುಂದಾಳು ಅವರು. ಆಗ ತುಂಬು ಗರ್ಭಿಣಿ. 2020ರ ಮಾರ್ಚ್ 18ರಂದು ಕಿಟ್ಟನ್ನು ಇಲ್ಲಿನ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಒಪ್ಪಿಸಿದರು, ಮರುದಿನ ಹೆಣ್ಣುಮಗುವನ್ನು ಹೆತ್ತರು. ಬಸುರಿಯೊಬ್ಬಳು ಹಗಲಿರುಳು ದುಡಿದು ಮಾಡಿಕೊಟ್ಟ ಪರೀಕ್ಷೆಯೇ, ಕೆಲವು ವಾರಗಳಲ್ಲಿ, ಬಸುರಿಯರನ್ನು ಆಸ್ಪತ್ರೆ ಬಾಗಿಲಲ್ಲಿ ನಿಲ್ಲಿಸುವ ನೆಪವಾಯಿತು. "ರಿಪೋರ್ಟ್ ತನ್ನಿ, ಆಮೇಲೆ ನೋಡೋಣ."

ಪರೀಕ್ಷೆಯಾಗಿಲ್ಲ ಎಂದು ಹೆರಿಗೆಯೂ ಸೇರಿದಂತೆ ಯಾವ ತುರ್ತು ಚಿಕಿತ್ಸೆಯನ್ನೂ ತಡಮಾಡಕೂಡದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮೇ 18ರಂದು ಸ್ಪಷ್ಟವಾಗಿಯೇ ಹೇಳಿತ್ತು. ಅದೇ ದಿನ ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಪುಣೆಯ ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿ ಕಡೆಯ ಬಸುರಿಯನ್ನು ಯೋಚಿಸಿ. ಚೀಲದಲ್ಲಿ ನಮ್ಮ ತಾಯಿ ಕಾರ್ಡು, ಬಾಯಲ್ಲಿ ಮರಾಠಿಯಿಲ್ಲ, ತವರಿನ ದಾರಿ ಬಂದ್.

ಜುಲೈನಲ್ಲಿ ಬೆಂಗಳೂರಿನಲ್ಲಿ, ಹಾಸಿಗೆ ಇಲ್ಲ ಎಂಬ ಉತ್ತರ ಕೇಳಿ ಕೇಳಿ ಅಲೆದ ಹೆಣ್ಣುಮಗಳೊಬ್ಬಳು ಕೆ.ಸಿ. ಜನರಲ್ ಆಸ್ಪತ್ರೆಯೆದುರು ಆಟೋದಲ್ಲೇ ಹೆತ್ತಳು. ಮಗು ಉಳಿಯಲಿಲ್ಲ.

ಇದನ್ನೆಲ್ಲ ಕೊರೋನಾದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. "ಅವಾಗ ಬೇಕಾಗಿತ್ತು, ಈಗ್ಯಾಕ ಚೀರ್ತಿ?" ಎಂದು ಹೆರಿಗೆ ನೋವಿನಲ್ಲಿರುವವಳಿಗೆ ಆಡುವ ಮಾತಿಗೆ, ತೊಡೆಗೆ ಬೀಳುವ ಏಟಿಗೆ, ಹೇಳದೆ ಕೇಳದೆ ಕೊಯ್ದು ಹಾಕುವ ಹೊಲಿಗೆಗೆ ಯಾವ ವೈರಾಣುವೂ ಬೇಕಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದರ ವಿರುದ್ಧ ಹೇಳಿಕೆ ಕೊಟ್ಟದ್ದು 2014ರಲ್ಲಿ. ನಮ್ಮಲ್ಲಿ ಹೆರಿಗೆ ಕೋಣೆ ಸುಧಾರಿಸುವ 'ಲಕ್ಷ್ಯ' ಯೋಜನೆ ಬಂದದ್ದು 2017ರಲ್ಲಿ. ಸಾಂಕ್ರಾಮಿಕ ಮಾಡಿದ್ದು ಇಷ್ಟೇ: ಹಳೆಯ ಗದರಿಕೆಗೆ ವೈದ್ಯಕೀಯ ಕಾರಣ ಒದಗಿಸಿತು. ಸೋಂಕಿದ್ದರೂ ಜೊತೆಗೊಬ್ಬರು ಇರಬಹುದು, ತಾಯಿ ಹಾಲೂಡಿಸಬಹುದು ಎಂದು ಅದೇ ಸಂಸ್ಥೆ ಹೇಳುತ್ತಿದ್ದಾಗ, ನಾವು ಮೊದಲು ಹೊರಗೆ ಕಳಿಸಿದ್ದು ಜೊತೆಗಿದ್ದ ತಾಯಿಯನ್ನೋ ಅತ್ತೆಯನ್ನೋ. ಆಮೇಲೆ ಮಗುವನ್ನು ಬೇರೆ ಕೋಣೆಗೆ.

ರೋಗದ ನೆಪದ ಈ ದರ್ಪವನ್ನು ಪುಣೆ ಹಿಂದೆಯೂ ಕಂಡಿದೆ. 1897ರ ಪ್ಲೇಗಿನಲ್ಲಿ ತಪಾಸಣೆಯ ಹೆಸರಿನಲ್ಲಿ ಸೈನಿಕರು ಮನೆಮನೆ ಹೊಕ್ಕರು. ನಮ್ಮ ಕರ್ನಾಟಕದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲ ಎಂದು ಪತ್ರಿಕೆಗೆ ಬಹಿರಂಗವಾಗಿ ಬರೆದರು. ರೋಗದ ಭಯ ದೊಡ್ಡದಾದಾಗ ಹೆಂಗಸಿನ ಒಪ್ಪಿಗೆ ಕೇಳುವವರಿರುವುದಿಲ್ಲ. ಅದರ ವಿರುದ್ಧ ಆಕೆ ದನಿಯೆತ್ತಿದ್ದರು.

ಕೊರೋನಾ ಲಸಿಕೆಯಲ್ಲೂ ಬಸುರಿಯರ ಸರದಿ ಬಂದದ್ದು ತಡವಾಗಿ. ಕೋವಿಶೀಲ್ಡ್ ತಯಾರಾದದ್ದು ಇದೇ ಪುಣೆಯಲ್ಲಿ. ಲಸಿಕೆ ಅಭಿಯಾನ ಶುರುವಾದದ್ದು 2021ರ ಜನವರಿ 16ಕ್ಕೆ, ಗರ್ಭಿಣಿಯರಿಗೆ ಅನುಮತಿ ಸಿಕ್ಕಿದ್ದು ಜುಲೈ 2ಕ್ಕೆ. ನಡುವೆ ಎರಡನೇ ಅಲೆ ಬಂದು ಹೋಗಿತ್ತು.

ಹಾಗೆಂದು ಕೈಯೆತ್ತಿದ ನರ್ಸನ್ನು ಬೈದು ಈ ಸಭೆ ಮುಗಿಯಬಾರದು. ರಾತ್ರಿ ಪಾಳಿಯಲ್ಲಿ ಹಲವು ಹೆರಿಗೆಗಳನ್ನು ಒಬ್ಬಳ ಮೇಲೆ ಹೊರಿಸಿ, ಪಿಪಿಇ ಕಿಟ್ಟಿನೊಳಗೆ ಬೆವರಲು ಬಿಟ್ಟು, ಮೃದುವಾಗಿ ಮಾತಾಡು ಎಂದು ಗೋಡೆಗೆ ಪೋಸ್ಟರ್ ಅಂಟಿಸಿದವರೂ ಲೆಕ್ಕ ಕೊಡಬೇಕು. ಆದ್ದರಿಂದ ಇಂದಿನ ಮೊದಲ ಗೋಷ್ಠಿಯಲ್ಲಿ ಸ್ಟಾಫ್ ನರ್ಸುಗಳೂ ಆಶಾ ಕಾರ್ಯಕರ್ತೆಯರೂ ಮಾತಾಡಲಿ, ಡಾಕ್ಟರುಗಳು ಕೇಳಲಿ. ಅವರೆಲ್ಲರ ಮುಂದೆ ನನ್ನದೊಂದೇ ಪ್ರಶ್ನೆ: ಮಾಸ್ಕ್ ತೆಗೆದು ವರ್ಷಗಳಾದವು, 2020ರಲ್ಲಿ ನಿಮ್ಮ ಹೆರಿಗೆ ಕೋಣೆಯಿಂದ ಹೊರಗೆ ಕಳಿಸಿದ ಆ ಜೊತೆಗಾತಿಯನ್ನು ಮತ್ತೆ ಒಳಗೆ ಬಿಟ್ಟಿದ್ದೀರಾ?